ನಾಲ್ಕು ಬೆರಳು ಕಮ್ಮಿ

ಕಾಲುವೆಯಲ್ಲಿ ಓಡಾಡುವ ದೋಣಿಯವರಿಗೆಲ್ಲ ಅವಳು ಬಾಗಿಲಕ್ಕ. ಒಡಹುಟ್ಟಿದ ಅಣ್ಣನೇ ಒಂದು ಸಲ ಫೋನಿನಲ್ಲಿ ಬಾಯಿತಪ್ಪಿ ಹಾಗೆ ಕರೆದು ನಾಲಿಗೆ ಕಚ್ಚಿಕೊಂಡಿದ್ದ. ಹೆಸರು ಬಂದದ್ದು ಕೆಲಸದಿಂದ. ಕಾಲುವೆ ಅಲ್ಲಿ ಆಳೆತ್ತರದಷ್ಟು ಕೆಳಕ್ಕೆ ಇಳಿಯುತ್ತದೆ. ದೋಣಿಗೆ ಮೆಟ್ಟಿಲಿಳಿಯಲು ಕಾಲಿಲ್ಲ. ಅದಕ್ಕೇ ಎರಡು ಭಾರಿ ಬಾಗಿಲುಗಳ ನಡುವೆ ಉದ್ದನೆಯ ಕಲ್ಲಿನ ತೊಟ್ಟಿಯೊಂದನ್ನು ಕಟ್ಟಿದ್ದಾರೆ. ದೋಣಿ ಒಳಗೆ ಬರಬೇಕು, ಹಿಂದಿನ ಬಾಗಿಲು ಮುಚ್ಚಬೇಕು, ನೀರನ್ನು ಇಳಿಸಬೇಕು, ಮುಂದಿನ ಬಾಗಿಲು ತೆರೆಯಬೇಕು. ದಿನಕ್ಕೆ ಹತ್ತು ಹದಿನೈದು ಸಲ ಇದನ್ನು ಮಾಡುವವಳು ಬಾಗಿಲಕ್ಕ. ಅವಸರದ ದೋಣಿಯವನು ಹಾರ್ನು ಹೊಡೆದರೆ ಅವಳ ಕೈ ಇನ್ನಷ್ಟು ನಿಧಾನವಾಗುತ್ತದೆ ಎಂಬುದು ಆ ನೀರಿನ ಮೇಲೆ ಎಲ್ಲರಿಗೂ ಗೊತ್ತು. ಹೊಸಬರು ಮಾತ್ರ ಹೊಡೆಯುತ್ತಾರೆ, ಅದೂ ಒಂದೇ ಸಲ.

ಬಾಗಿಲ ಪಕ್ಕದಲ್ಲೇ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಬೆಂಚು ಹಾಕಿದ ಜಗಲಿ. ಅಡುಗೆಮನೆಗೆ ಎರಡು ಕಿಟಕಿ. ಒಂದರಲ್ಲಿ ಕಾಲುವೆ, ಇನ್ನೊಂದರಲ್ಲಿ ಜೌಗು. ಒಲೆಯ ಮುಂದೆ ನಿಂತರೆ ಇವಳ ಎಡಗಣ್ಣು ದೋಣಿಗೆ, ಬಲಗಣ್ಣು ಹಕ್ಕಿಗೆ, ಸಾರಿಗೆ ಮಾತ್ರ ಯಾವ ಕಣ್ಣೂ ಇಲ್ಲ ಎಂದು ಗಂಡ ಹಾಸ್ಯ ಮಾಡುತ್ತಾನೆ. ಅವನು ಹೂಳೆತ್ತುವ ದೋಣಿಯಲ್ಲಿ ಕೆಲಸದವನು. ವಾರಕ್ಕೆ ಎರಡು ದಿನ ಬಂದು, ಉಂಡು, ಮಲಗಿ, ಹಾಸ್ಯ ಮಾಡಿ ಹೊರಡುವುದು ಅವನ ಪಾಲಿನ ಸಂಸಾರ.

ಜೌಗು ಮೊದಲು ಯಾರಿಗೂ ಬೇಡದ ಜಾಗವಾಗಿತ್ತು. ಒಡೆದ ದೋಣಿ, ಹಳೇ ಟಯರು, ಕೆಡವಿದ ಮನೆಗಳ ಇಟ್ಟಿಗೆ ಚೂರು, ಎಲ್ಲವನ್ನೂ ತಂದು ಅಲ್ಲಿ ಸುರಿಯುತ್ತಿದ್ದರು. ಆಮೇಲೆ ಯಾರೋ ಹಕ್ಕಿ ಎಣಿಸಿದರು, ಯಾರೋ ವರದಿ ಬರೆದರು. ಬೇಲಿ ಬಂತು, ಬೋರ್ಡು ಬಂತು, ಜನ ನಡೆಯಲು ಮರದ ಕಾಲುದಾರಿ ಬಂತು, ಕೊನೆಗೆ ಹಕ್ಕಿ ಮೇಡಂ ಬಂದರು. ಹಕ್ಕಿ ಮೇಡಂ ಅಂದರೆ ಆ ಸಂರಕ್ಷಿತ ಜೌಗಿನ ಅಧಿಕಾರಿ. ಅವರ ಕೊರಳಲ್ಲಿ ದುರ್ಬೀನು ಬಿಟ್ಟರೆ ಬೇರೆ ಒಡವೆ ಕಂಡವರಿಲ್ಲ. ಜೌಗಿಗೆ ನೀರು ಬರಬೇಕಾದದ್ದು ಕಾಲುವೆಯಿಂದ. ಕಾಲುವೆ ಆಫೀಸಿನವರಿಗೆ ದೋಣಿ ತೇಲಲು ನೀರು ಬೇಕು, ಜೌಗಿನವರಿಗೆ ಹಕ್ಕಿ ನಿಲ್ಲಲು ನೀರು ಬೇಕು. ಎರಡೂ ಆಫೀಸುಗಳು ಕಾಗದದ ಮೇಲೆ ವರ್ಷಗಟ್ಟಲೆ ಜಗಳಾಡಿ ಕಡೆಗೆ ಒಂದು ಅಂಕಿಗೆ ಒಪ್ಪಿದ್ದವು: ಜೌಗಿನಲ್ಲಿ ನೆಟ್ಟ ಅಳತೆ ಹಲಗೆಯ ಮೇಲೆ ಅರವತ್ತೆರಡು ಸೆಂಟಿಮೀಟರು. ಅದಕ್ಕಿಂತ ಇಳಿದರೆ ತೂಬು ತೆರೆಯುವುದು, ಅಷ್ಟಾದ ಕೂಡಲೇ ಮುಚ್ಚುವುದು, ದಿನವೂ ಬೆಳಗ್ಗೆ ಅಂಕಿಯನ್ನು ಪುಸ್ತಕದಲ್ಲಿ ಬರೆಯುವುದು. ಇದು ಬಾಗಿಲಕ್ಕನ ಎರಡನೇ ಕೆಲಸ.

ಅವಳಿಗಿಂತ ಮುಂಚೆ ಎರಡೂ ಕೆಲಸ ಅವಳ ಮಾವನದಾಗಿತ್ತು. ಮಾವನ ಮೊಣಕಾಲು ಕೈಕೊಟ್ಟಿತು, ಮಗ ಹೂಳೆತ್ತುವ ದೋಣಿ ಬಿಟ್ಟು ಬರಲೊಲ್ಲೆ ಅಂದ, ಮೂರು ವರ್ಷದಿಂದ ಮಾವನ ಜೊತೆ ಬಾಗಿಲು ತಳ್ಳುತ್ತಿದ್ದ ಸೊಸೆಗೆ ಕೆಲಸ ಬಂತು. ಬಾಗಿಲು ಹೇಗೆ ತೆರೆಯಬೇಕು, ಯಾವ ದೋಣಿ ಮೊದಲು, ಯಾವ ದೋಣಿ ಆಮೇಲೆ, ಎಲ್ಲವೂ ಆಫೀಸು ಕೊಟ್ಟ ದಪ್ಪ ಪುಸ್ತಕದಲ್ಲಿತ್ತು. ಪುಸ್ತಕದಲ್ಲಿ ಇಲ್ಲದ್ದು ಒಂದೇ. ಅದನ್ನು ಮಾವ ತೂಬಿನ ಕಟ್ಟೆಯ ಮೇಲೆ ನಿಂತು, ತನ್ನ ಬಲಗೈಯ ನಾಲ್ಕು ಬೆರಳು ಜೋಡಿಸಿ ತೋರಿಸಿ ಹೇಳಿಕೊಟ್ಟಿದ್ದರು. ಅಳತೆ ಹಲಗೆ ಹೊಡೆದಿದ್ದ ಕಂಬ ಕೆಸರಿನಲ್ಲಿ ನಾಲ್ಕು ಬೆರಳು ಕುಸಿದಿದೆ. ಆದ್ದರಿಂದ ಹಲಗೆ ಇರುವ ನೀರಿಗಿಂತ ಹೆಚ್ಚು ತೋರಿಸುತ್ತದೆ. ಆಫೀಸಿಗೆ ಮೂರು ಕಾಗದ ಬರೆದರೂ ಎಮ್ಮೆ ಮೇಲೆ ಮಳೆ ಸುರಿದ ಹಾಗಾಯಿತು. ಹಾಗಾಗಿ ಹಲಗೆ ಎಪ್ಪತ್ತು ತೋರಿಸಿದರೆ ನೀರು ಅರವತ್ತೆರಡು ಎಂದು ತಿಳಿಯಬೇಕು. ನಾಲ್ಕು ಬೆರಳು, ಅಂದರೆ ಎಂಟು ಸೆಂಟಿಮೀಟರು ಕಳೆದೇ ಬರೆಯಬೇಕು.

ಲೆಕ್ಕ ಎಂದರೆ ಬಾಗಿಲಕ್ಕನಿಗೆ ಚಿಕ್ಕಂದಿನಿಂದಲೂ ಅಷ್ಟಕ್ಕಷ್ಟೇ. ಆದರೆ ಎಂಟು ಕಳೆಯುವುದನ್ನು ಮಾತ್ರ ಅವಳು ಜ್ವರದಲ್ಲೂ ಮರೆಯಲಿಲ್ಲ. ಹನ್ನೊಂದು ವರ್ಷ, ಹನ್ನೊಂದು ಪುಸ್ತಕ, ಒಂದು ಕಾಟು ಇಲ್ಲ, ಒಂದು ಚಿತ್ತು ಇಲ್ಲ. ಹಲಗೆಯ ಮೇಲೆ ಎಪ್ಪತ್ತು, ಪುಸ್ತಕದಲ್ಲಿ ಅರವತ್ತೆರಡು. ಯಾರಾದರೂ ಹಲಗೆಯತ್ತ ಬೆರಳು ಮಾಡಿ ಕೇಳಿದರೆ, ಅದು ಸುಳ್ಳು ಹಲಗೆ ಅಂತ ಇವಳೇ ವಿವರಿಸುತ್ತಿದ್ದಳು. ಕೇಳಿದವರು ಇಷ್ಟು ವಿಷಯ ತಿಳಿದವಳ ಮುಂದೆ ಮತ್ತೇನು ಕೇಳುವುದು ಎಂದು ತಲೆಯಾಡಿಸಿ ಹೋಗುತ್ತಿದ್ದರು.

ಅವಳು ಕೆಲಸಕ್ಕೆ ಬಂದ ಎರಡನೇ ವರ್ಷದಿಂದ ಜೌಗಿನ ನಡುವಿನ ಮಣ್ಣುದಿಬ್ಬದ ಮೇಲೆ ಮೆಟ್ಟುಗಾಲು ಹಕ್ಕಿಗಳು ಗೂಡು ಮಾಡತೊಡಗಿದವು. ಕೆಂಪು ಕಡ್ಡಿಯಂಥ ಉದ್ದ ಕಾಲಿನ, ಕಪ್ಪು ಬಿಳುಪು ಮೈಯ, ಸದಾ ಬೈಯುತ್ತಿರುವ ದನಿಯ ಹಕ್ಕಿಗಳು. ಮೊದಲ ವರ್ಷ ಐದು ಗೂಡು, ಈಗ ನಲವತ್ತರ ಮೇಲೆ. ಬೇರೆ ಜೌಗುಗಳಲ್ಲಿ ನಾಯಿ ನರಿ ನುಗ್ಗಿ ಮೊಟ್ಟೆ ಉಳಿಯುವುದೇ ಕಷ್ಟ, ಇಲ್ಲಿ ಮಾತ್ರ ಯಾಕೆ ಉಳಿಯುತ್ತಿವೆ ಎಂದು ಹಕ್ಕಿ ಮೇಡಂ ಮೂರು ವರದಿ ಬರೆದಿದ್ದರು. ಮೂರರಲ್ಲೂ ಉತ್ತರ ಒಂದೇ: ನೀರು ವರ್ಷವಿಡೀ ಅರವತ್ತೆರಡರಲ್ಲಿ ಅಲುಗದೆ ನಿಂತಿರುವುದು. ಬಂದ ಅತಿಥಿಗಳಿಗೆಲ್ಲ ಅವರು ಬಾಗಿಲಕ್ಕನ ಪುಸ್ತಕ ತೆಗೆದು ತೋರಿಸುತ್ತಿದ್ದರು. ಅಂಥ ದಿನ ಅವಳು ಮನೆಗೆಲಸವನ್ನು ಎರಡು ಪಟ್ಟು ವೇಗದಲ್ಲಿ ಮುಗಿಸುತ್ತಿದ್ದಳು. ಸಂತೋಷವಾದರೆ ಅವಳಿಗೆ ಕೈ ಓಡುತ್ತದೆ, ಬಾಯಿ ಓಡುವುದಿಲ್ಲ.

ಈ ವರ್ಷ ಯಂತ್ರ ಬಂತು. ಅಕ್ಕನಿಗೆ ಬಾಗಿಲ ಕೆಲಸವೇ ಸಾಕಷ್ಟಿದೆ, ತೂಬು ಇನ್ನು ತಾನೇ ತೆರೆದು ಮುಚ್ಚಿಕೊಳ್ಳುತ್ತದೆ, ಅದಕ್ಕೆ ನಿಮ್ಮ ಅರವತ್ತೆರಡನ್ನೇ ಕಲಿಸಿದ್ದೇವೆ, ನೀವು ಪುಸ್ತಕ ಬರೆಯುತ್ತಾ ಅದರ ಮೇಲೆ ಒಂದು ಕಣ್ಣಿಟ್ಟಿದ್ದರೆ ಸಾಕು ಎಂದು ಮೇಡಂ ಹೇಳಿದರು. ಕೂರಿಸಲು ಬಂದ ಮೇಸ್ತ್ರಿ ಇವತ್ತೋ ನಾಳೆಯೋ ನಿವೃತ್ತಿಯಾಗುವ ವಯಸ್ಸಿನವರು, ಕನ್ನಡಕದ ಒಂದು ಕಡ್ಡಿಗೆ ತಂತಿ ಸುತ್ತಿಕೊಂಡಿದ್ದರು. ಹಲಗೆ ನೋಡಿ ಯಂತ್ರ ಹೊಂದಿಸಬೇಡಿ, ಅದು ನಾಲ್ಕು ಬೆರಳು ಸುಳ್ಳು ಎಂದು ಬಾಗಿಲಕ್ಕ ಮೊದಲೇ ಎಚ್ಚರಿಸಿದಳು. ತಾನು ಹಲಗೆ ನೋಡುವುದಿಲ್ಲ, ಸರ್ಕಾರ ಗುರುತು ಕೆತ್ತಿದ ಕಲ್ಲಿನಿಂದ ಅಳೆಯುತ್ತೇನೆ ಎಂದು ಅವರು ಹೇಳಿದರು. ಅವಳಿಗೆ ಸಮಾಧಾನವಾಯಿತು.

ಯಂತ್ರ ಕೂತ ಮರುದಿನ ಹಲಗೆಯ ಮೇಲೆ ಅರವತ್ತೊಂಬತ್ತು. ಅದರ ಮರುದಿನ ಅರವತ್ತೇಳೂವರೆ. ಬಿಸಿಲು ಜೋರಾಗಿತ್ತು, ನೀರು ಆರುತ್ತಿತ್ತು, ತೂಬು ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಕೂತಿತ್ತು. ಹೊಸ ಯಂತ್ರ, ಕಲಿಯಲು ನಾಲ್ಕು ದಿನ ಬೇಕೇನೋ ಎಂದು ಅವಳು ಕಾದಳು. ಏಳನೇ ದಿನ ಬೆಳಗ್ಗೆ ಹಲಗೆ ಸರಿಯಾಗಿ ಅರವತ್ತೆರಡು ತೋರಿಸಿತು. ಆಗ ತೂಬು ಗುಳುಗುಳು ಎಂದು ತೆರೆದು, ಒಂದಿಷ್ಟು ನೀರು ಬಿಟ್ಟು, ಮುಚ್ಚಿಕೊಂಡಿತು. ಬಾಗಿಲಕ್ಕ ಅಭ್ಯಾಸದಂತೆ ಎಂಟು ಕಳೆದಳು. ಐವತ್ತನಾಲ್ಕು. ಹನ್ನೊಂದು ವರ್ಷದಲ್ಲಿ ಆ ಅಂಕಿಯನ್ನು ಅವಳು ಬರೆದದ್ದಿಲ್ಲ. ಪೆನ್ನು ಹಿಡಿದವಳು ಹಾಗೇ ಕೆಳಗಿಟ್ಟಳು.

ತಲೆಯೆತ್ತಿದರೆ ಜೌಗಿನಲ್ಲಿ ಇನ್ನೊಂದು ಕಾಣಿಸಿತು. ದಂಡೆಯಿಂದ ಮಣ್ಣುದಿಬ್ಬದವರೆಗೆ, ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮುಳುಗಿ ಮತ್ತೆ ಕಾಣದಿದ್ದ ಹಳೇ ಏರಿಯೊಂದರ ಬೆನ್ನು ನೀರಿನಿಂದ ಮೇಲೆದ್ದಿತ್ತು. ಒಂದಡಿ ಅಗಲದ ಕಪ್ಪು ಕೆಸರಿನ ದಾರಿ. ದಂಡೆಯ ತುದಿಯಲ್ಲಿ, ದೋಣಿ ರಿಪೇರಿ ಶೆಡ್ಡಿನ ಎರಡು ನಾಯಿಗಳು ನಿಂತಿದ್ದವು. ಒಂದು ಮುಂಗಾಲಿಟ್ಟು ನೋಡಿತು, ಕಾಲು ಕೆಸರಿನಲ್ಲಿ ಹೂತಿತು, ಹಿಂದೆ ಸರಿಯಿತು. ಇವತ್ತಿನ ಬಿಸಿಲಿಗೆ ಆ ಕೆಸರು ಗಟ್ಟಿಯಾದರೆ ನಾಳೆ ಹೊತ್ತಿಗೆ ನಾಯಿ ನೆಟ್ಟಗೆ ಗೂಡಿಗೆ ನಡೆದುಹೋಗುತ್ತದೆ. ದಿಬ್ಬದ ಮೇಲಿನ ಮೊಟ್ಟೆಗಳಲ್ಲಿ ಅರ್ಧಕ್ಕರ್ಧ ಇನ್ನೂ ಒಡೆದಿರಲಿಲ್ಲ.

ಅವಳು ಅಲ್ಲಿಂದಲೇ ಹಕ್ಕಿ ಮೇಡಂಗೆ ಫೋನು ಮಾಡಿದಳು. ಮೇಡಂ ಬೇರೆ ಊರಿನಲ್ಲಿ ಯಾವುದೋ ಸಭೆಯಲ್ಲಿದ್ದರು. ವಿಷಯ ಕೇಳಿ, ಯಂತ್ರವೇ ಕೆಟ್ಟಿರಬೇಕು, ಮೇಸ್ತ್ರಿಯನ್ನು ಈಗಲೇ ಕಳಿಸುತ್ತೇನೆ ಅಂದರು. ಮೇಸ್ತ್ರಿ ನೋಡಿದ ಮೇಲೆ ನೀವು ಒಂದು ಮಾತು ಹೇಳಿ ಸಾಕು, ತೂಬನ್ನು ಮತ್ತೆ ನಿಮ್ಮ ಕೈಗೇ ಕೊಡಿಸುತ್ತೇನೆ. ಹನ್ನೊಂದು ವರ್ಷ ತಪ್ಪದ ನಿಮ್ಮನ್ನು ಬಿಟ್ಟು ನಿನ್ನೆ ಬಂದ ಡಬ್ಬಿಯನ್ನು ನಂಬಲೇ ಎಂದೂ ಸೇರಿಸಿದರು.

ಮೇಸ್ತ್ರಿ ಒಂದು ಗಂಟೆಯಲ್ಲಿ ಬಂದರು. ಡಬ್ಬಿ ಬಿಚ್ಚಿ ನೋಡಿದರು, ಏನೂ ಕೆಟ್ಟಿರಲಿಲ್ಲ. ಆಮೇಲೆ ಮುಕ್ಕಾಲಿ ನಿಲ್ಲಿಸಿ, ಅದರ ಮೇಲೆ ಅಳತೆಯ ದುರ್ಬೀನು ಕೂರಿಸಿ, ಕೆಂಪು ಬಿಳಿ ಪಟ್ಟೆಯ ಅಳತೆ ಕೋಲನ್ನು ಬಾಗಿಲಕ್ಕನ ಕೈಗೆ ಕೊಟ್ಟರು. ಬಾಗಿಲ ಮೆಟ್ಟಿಲ ಬುಡದ ಗುರುತಿನ ಕಲ್ಲಿನ ಮೇಲೆ ಒಂದು ಸಲ, ಹಲಗೆಯ ನೆತ್ತಿಯ ಮೇಲೆ ಒಂದು ಸಲ ಅವಳು ಕೋಲು ಹಿಡಿದು ನಿಂತಳು. ಅವರು ಚೀಟಿಯ ಮೇಲೆ ಕೂಡಿದರು, ಕಳೆದರು, ಚೀಟಿಯನ್ನು ಅವಳಿಗೇ ತೋರಿಸಿದರು. ಹಲಗೆ ಸುಳ್ಳು ಹೇಳುತ್ತಿರಲಿಲ್ಲ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಅವಳು ಇನ್ನೊಂದು ಸಲ ಅಳೆಯಿರಿ ಅಂದಳು. ಅವರು ಬೇಸರಿಸದೆ ಅಳೆದರು. ಮತ್ತೆ ಅದೇ.

ಬಾಗಿಲಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಹಲಗೆ ಸರಿ ಇದ್ದರೆ ಇಷ್ಟು ವರ್ಷ ನೀರು ಎಪ್ಪತ್ತಿತ್ತು. ಎಪ್ಪತ್ತಿದ್ದರೆ ಪುಸ್ತಕ ತಪ್ಪು. ಪುಸ್ತಕ ತಪ್ಪಾದರೆ ಮಾವ ತಪ್ಪು. ಆದರೆ ಮಾವ ಹೇಳಿಕೊಟ್ಟದ್ದು ತಪ್ಪಲ್ಲ, ಕಂಬ ಕುಸಿದದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು. ಹಾಗಾದರೆ ಕುಸಿದ ಕಂಬ ತಾನಾಗಿ ಮೇಲೆದ್ದಿತೇ? ಆಗ ಅವಳಿಗೆ ನೆನಪಾಯಿತು. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಒಂದು ಮಧ್ಯಾಹ್ನ, ತೊಟ್ಟಿಯಲ್ಲಿ ಮೂರು ದೋಣಿ ಸಿಕ್ಕಿಕೊಂಡು ಅವಳು ಅತ್ತ ಇತ್ತ ಅಲುಗಲಾಗದಿದ್ದಾಗ, ಜೌಗಿನ ಕಡೆ ನಾಲ್ಕು ಜನ ಏನೋ ಕೆಲಸ ಮಾಡಿ ಹೋಗಿದ್ದರು. ಸಂಜೆ ನೋಡಿದರೆ ಹಲಗೆ ಹೊಸ ಬಣ್ಣದಲ್ಲಿ ಫಳಫಳ ಹೊಳೆಯುತ್ತಿತ್ತು. ಬಣ್ಣ ಬಳಿದಿದ್ದಾರೆ, ಪರವಾಗಿಲ್ಲ, ಚೆನ್ನಾಗಿದೆ ಎಂದುಕೊಂಡಿದ್ದಳು. ನೀರು ಇಳಿದಂತೆ ಕಂಡದ್ದಕ್ಕೆ ತೂಬು ತೆರೆದು ಹಲಗೆಯ ಮೇಲೆ ಮತ್ತೆ ಎಪ್ಪತ್ತು ಮಾಡಿ, ಮರುದಿನ ಎಂಟು ಕಳೆದು ಬರೆದಿದ್ದಳು.

ಮಾವ ಜಗಲಿಯ ಬೆಂಚಿನ ಮೇಲೆ ರೇಡಿಯೋ ಹಿಡಿದು ಕೂತಿದ್ದರು. ಅವಳು ಹೋಗಿ ಕೇಳಿದಳು. ಹಲಗೆಯನ್ನು ಯಾರೂ ಮುಟ್ಟಿಲ್ಲ, ತಾನಿರುವಾಗ ಮುಟ್ಟುವ ಧೈರ್ಯ ಯಾರಿಗಿತ್ತು ಎಂದು ಮಾವ ಗದರಿದರು. ಅವಳು ಒಳಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ರಾಗ ಬದಲಾಗಿತ್ತು: ಹೌದು, ನಾಲ್ಕು ಜನ ಬಂದಿದ್ದರು, ಕಂಬ ಎತ್ತಿ ಅಡಿಗೆ ಕಲ್ಲು ಕೊಟ್ಟು ನಿಲ್ಲಿಸಿದರು, ತಾನೇ ಅವರಿಗೆ ಟೀ ಕಾಸಿಕೊಟ್ಟೆ. ಹಾಗಾದರೆ ನನಗೇಕೆ ಹೇಳಲಿಲ್ಲ ಎಂದರೆ, ಹೇಳಿದ್ದೆ, ನೀನೇ ಮರೆತೆ ಎಂದು ಮೂರನೇ ಮಾತು. ಮಾವ ರೇಡಿಯೋದ ಕಿವಿ ಹಿಂಡುತ್ತಾ ತಗ್ಗಿದ ದನಿಯಲ್ಲಿ ಅಂದರು:

"ಆಫೀಸಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದ್ದದ್ದು ಅಂದ್ರೆ ಅದೊಂದೇ ಅಲ್ವೇನಮ್ಮಾ."

ಅಷ್ಟು ಹೇಳಿ ರೇಡಿಯೋ ಜೋರು ಮಾಡಿದರು. ಮರೆತರೋ, ಮುಚ್ಚಿಟ್ಟರೋ, ನಿಜವಾಗಿ ಹೇಳಿ ಇವಳೇ ಕೇಳಿಸಿಕೊಳ್ಳಲಿಲ್ಲವೋ, ಅವಳಿಗೆ ಗೊತ್ತಾಗಲಿಲ್ಲ. ಮಾವನ ಮೇಲೆ ಸಿಟ್ಟು ಬಂತು. ಬಂದ ಸಿಟ್ಟು ಅವರ ಮೊಣಕಾಲಿಗೆ ಕಟ್ಟಿದ ಬಟ್ಟೆ ನೋಡಿ ಎಲ್ಲಿ ಹೋಗಬೇಕೆಂದು ತಿಳಿಯದೆ ಅವಳಲ್ಲೇ ಉಳಿಯಿತು.

ಅಷ್ಟರಲ್ಲಿ ಮೇಸ್ತ್ರಿ ಆಫೀಸಿನಿಂದ ಹಳೇ ಕಾಗದದ ಫೋಟೋ ಒಂದನ್ನು ಫೋನಿಗೆ ತರಿಸಿಕೊಂಡಿದ್ದರು. ಹನ್ನೊಂದು ವರ್ಷದ ಹಿಂದಿನ ತಾರೀಕು. ಕಂಬವನ್ನು ಎಂಟು ಸೆಂಟಿಮೀಟರು ಎತ್ತಿ ಸರಿಪಡಿಸಲಾಗಿದೆ. ಮೂರು ಕಾಗದಕ್ಕೆ ಕಿವಿಗೊಡದ ಆಫೀಸು ಕೊನೆಗೂ ಮಾತು ಕೇಳಿತ್ತು, ಕೇಳಿದ್ದನ್ನು ಬಾಗಿಲಲ್ಲಿರುವವಳಿಗೆ ಹೇಳುವುದೊಂದನ್ನು ಬಿಟ್ಟು. ಬಾಗಿಲಕ್ಕ ಫೋಟೋವನ್ನು ಹಿಗ್ಗಿಸಿ, ಕುಗ್ಗಿಸಿ, ಮತ್ತೆ ಹಿಗ್ಗಿಸಿ ನೋಡಿದಳು.

ಮೇಸ್ತ್ರಿ ಮುಕ್ಕಾಲಿ ಮಡಚುತ್ತಾ ಹೇಳಿದರು. "ಅಕ್ಕ, ನೀವು ಯಂತ್ರ ತಪ್ಪು ಅಂದ್ರೆ ಮೇಡಂ ನಿಮ್ಮನ್ನೇ ನಂಬ್ತಾರೆ, ನನಗೆ ಗೊತ್ತು. ಈ ಕಾಲುವೆ ಉದ್ದಕ್ಕೂ ನಾನು ಹನ್ನೆರಡು ಕೂರಿಸಿದ್ದೀನಿ. ಒಂದು ತಪ್ಪು ಅಂತಾದ್ರೆ ಹನ್ನೆರಡೂ ಕೀಳ್ತಾರೆ. ನಿಮಗೆ ತಿಳಿದಿರಲಿ ಅಂತ ಹೇಳ್ದೆ, ಅಷ್ಟೇ." ಆಮೇಲೆ ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಆಚೆ ಹೋದರು.

ಅವಳು ತೂಬಿನ ಕಟ್ಟೆಯ ಮೇಲೆ ಕೂತಳು. ಜೌಗಿನಲ್ಲಿ ನಾಯಿಗಳು ಏರಿಯ ಮೇಲೆ ಈಗ ನಾಲ್ಕು ಹೆಜ್ಜೆ ಮುಂದೆ ಬಂದಿದ್ದವು. ಗಂಡು ಹಕ್ಕಿಗಳು ಮೇಲೆ ಹಾರಿ ಹಾರಿ ಬೈಯುತ್ತಿದ್ದವು. ಅವಳು ಯೋಚಿಸಿದಳು, ಯೋಚಿಸಿದಷ್ಟೂ ಗೋಜಲಾಯಿತು. ನಿಜ ಹೇಳಿದರೆ ಒಪ್ಪಂದದ ಅಂಕಿ ಅರವತ್ತೆರಡು, ಯಂತ್ರ ಇಟ್ಟಿರುವುದೂ ಅರವತ್ತೆರಡು. ಎಪ್ಪತ್ತಕ್ಕೆ ಏರಿಸಿ ಎಂದರೆ ಕಾಲುವೆ ಆಫೀಸು ಒಪ್ಪುವುದಿಲ್ಲ, ಅಲ್ಲಿಗೆ ನಾಯಿಗಳಿಗೆ ತಾನೇ ದಾರಿ ಮಾಡಿಕೊಟ್ಟ ಹಾಗೆ. ಸುಳ್ಳು ಹೇಳಿದರೆ ತೂಬು ಕೈಗೆ ಬರುತ್ತದೆ, ಸಂಜೆಯೊಳಗೆ ನೀರು ಏರುತ್ತದೆ, ಮೊಟ್ಟೆ ಉಳಿಯುತ್ತದೆ, ಮಾವನ ಮಾನ ಉಳಿಯುತ್ತದೆ, ತನ್ನ ಹನ್ನೊಂದು ಪುಸ್ತಕವೂ ಉಳಿಯುತ್ತದೆ. ತಪ್ಪು ಕೆಲಸದಿಂದ ಇಷ್ಟು ವರ್ಷ ಒಳ್ಳೆಯದಾಯಿತು. ಸರಿ ಕೆಲಸ ಶುರುವಾಗಿ ಏಳೇ ದಿನಕ್ಕೆ ನಾಯಿ ಬಂದು ನಿಂತಿದೆ. ಇದರಲ್ಲಿ ಸರಿ ಯಾವುದು ಅಂತ ಯಾರನ್ನು ಕೇಳಬೇಕು?

ಕಡೆಗೆ ಅವಳು ಸುಳ್ಳನ್ನೇ ಆರಿಸಿಕೊಂಡಳು. ಓದುವವರಿಂದ ಇದನ್ನು ಮುಚ್ಚಿಡುವುದರಿಂದ ಏನೂ ಪ್ರಯೋಜನವಿಲ್ಲ. ಮೇಸ್ತ್ರಿಯ ಬೆನ್ನನ್ನು ಒಂದು ಸಲ ನೋಡಿ, ಮನಸ್ಸಿನಲ್ಲೇ ಕ್ಷಮೆ ಕೇಳಿ, ಫೋನು ಹಚ್ಚಿದಳು.

ಮೇಡಂ ಅವಳ ಬಾಯಿಂದ ಮಾತು ಬರುವುದನ್ನೂ ಕಾಯಲಿಲ್ಲ. ಯಂತ್ರದ್ದೇ ತಪ್ಪು ತಾನೇ, ತನಗೆ ಗೊತ್ತಿತ್ತು ಎಂದರು. ಸದ್ಯ, ಇವತ್ತೇ ತಿಳಿದದ್ದು ಒಳ್ಳೆಯದಾಯಿತು ಎಂದೂ ಹೇಳಿದರು. ಕೆಳಗಡೆ ತೋಡಿಸುತ್ತಿರುವ ಎರಡನೇ ಜೌಗಿಗೆ ಯಂತ್ರವೇ ಬೇಡ, ನೀರು ಅಷ್ಟರಲ್ಲೇ ನಿಲ್ಲುವ ಹಾಗೆ ಕಾಂಕ್ರೀಟಿನ ಕಟ್ಟೆ ಹಾಕಿಸಿಬಿಡುತ್ತೇನೆ, ಬರುವ ಗುರುವಾರವೇ ಸುರಿಯುತ್ತಾರೆ, ನಿಮ್ಮ ಪುಸ್ತಕದ ಅರವತ್ತೆರಡಕ್ಕೇ.

ಬಾಗಿಲಕ್ಕನಿಗೆ ಆ ಕಟ್ಟೆ ಕಣ್ಣ ಮುಂದೆ ಬಂತು. ಕಾಂಕ್ರೀಟು, ಎಂದೆಂದಿಗೂ ನಾಲ್ಕು ಬೆರಳು ಕಮ್ಮಿ. ತಿರುಗಿಸಿ ಏರಿಸಲು ಬರುವುದಿಲ್ಲ, ಎಂಟು ಕೂಡಲು ಕಳೆಯಲು ಬರುವುದಿಲ್ಲ.

"ಮೇಡಂ, ಅದಕ್ಕೆ ಅರವತ್ತೆರಡು ಇಡಬೇಡಿ."

"ಯಾಕಕ್ಕ?"

"ಇಲ್ಲಿ ಅರವತ್ತೆರಡು ಯಾವತ್ತೂ ಇರಲೇ ಇಲ್ಲ. ಹನ್ನೊಂದು ವರ್ಷದಿಂದ ಎಪ್ಪತ್ತಿತ್ತು. ಹಲಗೆ ಸರಿ ಮಾಡಿದ್ದು ನನಗೆ ಗೊತ್ತಿರಲಿಲ್ಲ, ನಾನು ಎಂಟು ಕಳೆದು ಬರೀತಿದ್ದೆ. ಯಂತ್ರ ಸರಿಯಾಗೇ ಇದೆ. ತಪ್ಪು ನಂದು."

ಆ ಕಡೆ ಸಭೆಯ ಗದ್ದಲದಲ್ಲಿ ಯಾರೋ ಕುರ್ಚಿ ಎಳೆದರು.

"ನಾನು ಬರೆದ ಮೂರು ವರದಿ?" ಎಂದರು ಮೇಡಂ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು.

"ನೀವು ಎಣಿಸಿದ ಹಕ್ಕಿ ಎಲ್ಲಾ ನಿಜ ಮೇಡಂ. ನೀರು ಮಾತ್ರ ನಾನು ತಪ್ಪು ಬರೆದದ್ದು. ನಾಯಿ ದಾರಿ ಹಿಡಿದಿವೆ. ಎಪ್ಪತ್ತು ಮಾಡಿಸಿ, ಆಮೇಲೆ ನನಗೇನು ಬೇಕಾದ್ರೂ ಮಾಡಿ."

ಫೋನನ್ನು ಮೇಸ್ತ್ರಿಗೆ ಕೊಡಲು ಮೇಡಂ ಹೇಳಿದರು. ಮೇಸ್ತ್ರಿ ಕೇಳಿಸಿಕೊಂಡರು, ಎಪ್ಪತ್ತೇ ಎಂದು ಎರಡು ಸಲ ಖಚಿತ ಮಾಡಿಕೊಂಡರು, ಕಾಲುವೆ ಆಫೀಸಿನವರು ಕೇಳಿದರೆ ಎಂದರು. ಮರಿಗಳು ಹಾರುವವರೆಗೆ ಎಪ್ಪತ್ತೇ ಇರಲಿ, ಕಾಲುವೆ ಆಫೀಸಿಗೆ ತಾನು ಉತ್ತರ ಕೊಡುತ್ತೇನೆ ಎಂದು ಆ ಕಡೆಯಿಂದ ಬಂದಿರಬೇಕು. ಅವರು ಡಬ್ಬಿ ತೆರೆದು ಗುಂಡಿ ಒತ್ತಿದರು. ತೂಬು ಬಾಯಿಬಿಟ್ಟಿತು. ಕಾಲುವೆಯ ನೀರು ಸದ್ದು ಮಾಡುತ್ತಾ ಜೌಗಿಗೆ ನುಗ್ಗಿತು. ಅವರು ಫೋನನ್ನು ಅವಳ ಕೈಗೆ ವಾಪಸು ಕೊಟ್ಟರು, ಅವಳ ಮುಖ ನೋಡಲಿಲ್ಲ.

"ಅಕ್ಕ, ಹನ್ನೊಂದು ಪುಸ್ತಕಾನೂ ನಾಳೆ ಆಫೀಸಿಗೆ ಕಳಿಸಿಕೊಡಿ," ಎಂದರು ಮೇಡಂ. "ಇನ್ಮೇಲೆ ಜೌಗಿನ ಅಂಕಿ ನೀವು ಬರೆಯೋದು ಬೇಡ. ಯಂತ್ರಾನೇ ಬರ್ಕೊಳ್ಳುತ್ತೆ."

"ಎರಡನೇ ಜೌಗಿಗೂ ಎಪ್ಪತ್ತೇ ಇಡ್ತೀರಲ್ಲ ಮೇಡಂ?"

"ಇಡ್ತೀವಿ."

ಏರಿಯ ಬೆನ್ನಿನ ಮೇಲೆ ತೆಳ್ಳಗೆ ನೀರು ಹರಿಯತೊಡಗಿತು. ನಾಯಿಗಳು ಕಾಲು ಕೊಡವಿಕೊಂಡು ದಂಡೆಗೆ ಮರಳಿದವು. ಬಾಗಿಲಕ್ಕ ಫೋನನ್ನು ಕಿವಿಗೆ ಹಿಡಿದೇ ನಿಂತಿದ್ದಳು. ಹನ್ನೊಂದು ವರ್ಷ ತಾನು ಮಾಡಿದ್ದು ಹಾಳು ಕೆಲಸವೋ ಒಳ್ಳೆಯ ಕೆಲಸವೋ ಎಂಬುದೊಂದನ್ನು ಯಾರಾದರೂ ಹೇಳಿಬಿಟ್ಟರೆ ಅವಳಿಗೆ ಸಾಕಾಗಿತ್ತು. ಕೇಳೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಫೋನು ಇಟ್ಟಾಗಿತ್ತು.